ವಾರಕ್ಕೆ ಮೂರು ಸಲ ಸಾಯುವ ನರ್ಸಮ್ಮ

ನರ್ಸಮ್ಮ ಮೊದಲ ಸಲ ಸತ್ತದ್ದು ಒಂದು ಬುಧವಾರ. ಸೋಮವಾರ ಮಧ್ಯಾಹ್ನ ನಾವು ಬಿಟ್ಟು ಬರುವಾಗ ಆಕೆ ಔಷಧಿ ಕೋಣೆಯ ಕುರ್ಚಿಯಲ್ಲಿ ಆರೋಗ್ಯವಾಗಿ ಕೂತಿದ್ದಳು. ಬುಧವಾರ ಹೋಗಿ ನೋಡಿದರೆ ಕುರ್ಚಿ ಖಾಲಿ. ಅಂಗಳದ ಬಾವಿಕಟ್ಟೆಯ ಮೇಲೆ ಅವಳ ಬಿಳಿ ಚಪ್ಪಲಿ ಮಾತ್ರ ಇತ್ತು. ಇದು ಸಹಜ ಸಾವಲ್ಲ, ಇದರ ಹಿಂದೆ ಒಂದು ಕಾಣದ ಕೈ ಇದೆ ಎಂದು ಐದೇ ನಿಮಿಷದಲ್ಲಿ ನನಗೆ ಖಾತ್ರಿಯಾಯಿತು. ಅದು ಯಾರ ಕೈ ಎಂಬುದು ಹತ್ತನೇ ನಿಮಿಷಕ್ಕೆ ಖಾತ್ರಿಯಾಯಿತು. ಆ ವಯಸ್ಸಿನಲ್ಲಿ ನನ್ನ ಬಳಿ ಯಾವ ಅನುಮಾನವೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ.

ಗಾಬರಿಯಾಗಬೇಡಿ. ಬಾವಿ, ಚಪ್ಪಲಿ, ನರ್ಸಮ್ಮ ಎಲ್ಲ ಇದ್ದದ್ದು ಕಂಪ್ಯೂಟರಿನ ಒಂದು ಹೆದರಿಕೆಯ ಆಟದೊಳಗೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶಿಕಾರಿಪುರದಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಮುಂದೇನು ಎಂದು ಮನೆಯಲ್ಲಿ ದಿನಾ ಕೇಳುತ್ತಿದ್ದರು. ಒಂದು ಉತ್ತರ ಇರಲಿ ಎಂದು ಮಹದೇವಪ್ಪ ಮೇಷ್ಟ್ರ ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆ.

ಮೇಷ್ಟ್ರ ಹತ್ತಿರ ಇದ್ದದ್ದು ಒಂದು ಕಂಪ್ಯೂಟರ್. ಕ್ಲಾಸು ಇದ್ದದ್ದು ಎರಡು ಊರಲ್ಲಿ. ಟೀವಿಯಂಥ ಪರದೆಯನ್ನು ಶಿಕಾರಿಪುರದಲ್ಲಿ ಒಂದು, ಸೊರಬದಲ್ಲಿ ಒಂದು ಇಟ್ಟಿದ್ದರು. ಆದರೆ ಲೆಕ್ಕ ಮಾಡುವ, ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಡಬ್ಬ ಒಂದೇ. ಸೋಮ, ಬುಧ, ಶುಕ್ರ ಅದು ನಮ್ಮದು. ಮಂಗಳ, ಗುರು, ಶನಿ ಸೊರಬದವರದ್ದು. ಮೇಷ್ಟ್ರು ಅದನ್ನು ಹಳೇ ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು, ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಓಡಾಡುತ್ತಿದ್ದರು. ಒಬ್ಬ ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಕೇಳಿದನಂತೆ. "ಇನ್ನೂ ಐದು ವರ್ಷ ತುಂಬಿಲ್ಲ ಕಣಪ್ಪ" ಎಂದರಂತೆ ಮೇಷ್ಟ್ರು. ಡಬ್ಬದ ವಯಸ್ಸಿನ ಮಟ್ಟಿಗೆ ಅದು ಸುಳ್ಳು. ಯಾರದೋ ಕಚೇರಿಯಲ್ಲಿ ದುಡಿದು ಹಳತಾಗಿ ಬಂದ ಯಂತ್ರ ಅದು.

ಹಳತಾದ್ದರಿಂದಲೇ ಅದರ ಹೊಟ್ಟೆಯಲ್ಲಿ ಆ ಆಟ ಉಳಿದುಕೊಂಡಿತ್ತು. ಮೇಷ್ಟ್ರಿಗೆ ಅದು ಗೊತ್ತೇ ಇರಲಿಲ್ಲ. ನಮ್ಮದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹುಡುಗಿಯರ ಬ್ಯಾಚು. ಒಟ್ಟು ಒಂಬತ್ತು ಜನ. ಎರಡೂವರೆಗೆ ಮೇಷ್ಟ್ರು ಹಿಂದಿನ ಮನೆಗೆ ಹೋಗಿ ಮಲಗುತ್ತಿದ್ದರು. ಅವರ ಗೊರಕೆ ಗೋಡೆ ದಾಟಿ ಕೇಳಿಸುತ್ತಿತ್ತು. ಗೊರಕೆ ಇರುವಷ್ಟು ಹೊತ್ತು ಆಟ, ನಿಂತ ಕೂಡಲೇ ಟೈಪಿಂಗು. ಈ ಶಿಸ್ತನ್ನು ನಾವು ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಆಟ ಸರಳ. ಗುಡ್ಡದ ಮೇಲೆ ಒಂದು ಪಾಳುಬಿದ್ದ ಆಸ್ಪತ್ರೆ. ಕಳೆದುಹೋದ ಅಣ್ಣನನ್ನು ಹುಡುಕಿಕೊಂಡು ಒಬ್ಬ ಯುವಕ ಅಲ್ಲಿಗೆ ಬರುತ್ತಾನೆ. ಆ ಯುವಕನನ್ನು ಆಡಿಸುವವರು ನಾವು. ಒಳಗೆ ಇಬ್ಬರೇ ಇದ್ದಾರೆ: ಒಬ್ಬ ನರ್ಸಮ್ಮ ಮತ್ತು ಲಾಟೀನು ಹಿಡಿದು ತಿರುಗುವ ಒಬ್ಬ ಮುದುಕ ಮಾಲಿ. ನರ್ಸಮ್ಮನಿಗೆ ಕಾಯಿಲೆ. ಅವಳನ್ನು ಕತ್ತಲೆಯ ಮೊಗಸಾಲೆಗಳಲ್ಲಿ ಕೈಹಿಡಿದು ನಡೆಸಿ ಔಷಧಿ ಕೋಣೆಗೆ ಸೇರಿಸಬೇಕು. ಅಷ್ಟಾಗುವಾಗ ಗೊರಕೆ ನಿಲ್ಲುತ್ತಿತ್ತು. ಆಟವನ್ನು ನಿಲ್ಲಿಸಿದ ಜಾಗದಲ್ಲೇ ಉಳಿಸಿಡಲು ಒಂದೇ ಒಂದು ಖಾನೆ ಇತ್ತು. ಅದರಲ್ಲಿ ನರ್ಸಮ್ಮನನ್ನು ಕೂರಿಸಿ, ಮೂರು ಔಷಧಿ ಬಾಟಲಿಗಳನ್ನು ನಮ್ಮ ಯುವಕನ ಚೀಲದಲ್ಲಿಟ್ಟು, ಯಂತ್ರ ಮುಚ್ಚುತ್ತಿದ್ದೆವು.

ಮುಂದಿನ ಕ್ಲಾಸಿಗೆ ಬಂದು ತೆರೆದರೆ ನರ್ಸಮ್ಮ ಇಲ್ಲ. ಬಾವಿಕಟ್ಟೆಯ ಮೇಲೆ ಚಪ್ಪಲಿ.

ಮತ್ತೆ ಮೊದಲಿನಿಂದ ಆಡಿದೆವು. ಮತ್ತೆ ಕೂರಿಸಿದೆವು. ಶುಕ್ರವಾರ ಮತ್ತೆ ಸತ್ತಳು. ಮತ್ತೆ ಆಡಿದೆವು, ಸೋಮವಾರ ಸತ್ತಳು. ಪಾಪದ ಹೆಂಗಸು ವಾರಕ್ಕೆ ಮೂರು ಸಲ ತಪ್ಪದೆ ಸಾಯತೊಡಗಿದಳು. ಬ್ಯಾಚಿನಲ್ಲಿ ಮದುವೆಯಾಗಿದ್ದ ಒಬ್ಬಳೇ ಹೆಂಗಸು ಗಿರಿಜಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು, "ಏನೋ ದೆವ್ವದ ಕಾಟ ಇರಬೇಕು ಕಣ್ರೇ" ಎಂದಳು.

ದೆವ್ವ ಎಂಬ ಶಬ್ದ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕಾಲೇಜಿನ ಚರ್ಚಾಪಟು. ಮೂರು ವರ್ಷದಿಂದ ಕಾಲೇಜಿನ ಪರವಾಗಿ ಎಲ್ಲ ಸ್ಪರ್ಧೆಗಳಲ್ಲೂ ಮಾತಾಡುತ್ತಿದ್ದವಳು ನಾನೇ. ನಮ್ಮ ಬೀದಿಯ ಹುಣಿಸೆಮರದಲ್ಲಿ ದೆವ್ವ ಇದೆ ಎಂದವರಿಗೆ, ಅದನ್ನು ಕರೆತಂದು ನನ್ನೆದುರು ನಿಲ್ಲಿಸಿ ಎಂದು ಬಹಿರಂಗ ಸವಾಲು ಹಾಕಿದ್ದೆ. ಪ್ರತಿವಾದಿ ಹಾಜರಾಗದ ಕಾರಣ ತೀರ್ಪು ನನ್ನ ಪರವಾಗಿಯೇ ಆಗಿತ್ತು.

"ಗಿರಿಜಕ್ಕ, ದೆವ್ವ ಇಲ್ಲ" ಎಂದೆ. "ಇದರಲ್ಲಿ ಒಬ್ಬ ಮನುಷ್ಯನ ಸಂಚಿದೆ. ಮಾಲಿ."

"ಅಯ್ಯೋ, ಅವನು ಎಷ್ಟು ಒಳ್ಳೇ ಮಾತಾಡ್ತಾನೆ. 'ನೀನು ಹೋಗು ಮಗು, ಅವಳನ್ನ ನಾನು ನೋಡ್ಕೋತೀನಿ' ಅಂತಾನೆ."

"ಅದೇ. ಒಳ್ಳೆ ಮಾತು ಯಾಕೆ ಆಡ್ತಾನೆ? ಅದನ್ನ ಕೇಳ್ಕೊಳ್ಳಿ."

ಎಲ್ಲರೂ ಕೇಳಿಕೊಂಡರು. ಮುಖಗಳು ಗಂಭೀರವಾದವು. ಒಂದು ಸಿದ್ಧಾಂತ ಹುಟ್ಟಿತು.

ಯಂತ್ರ ಮುಚ್ಚಿದ ಮೇಲೆ ಮಾಲಿ ಓಡಾಡುವುದು ಹೇಗೆ ಎಂಬ ತೊಡಕು ಇತ್ತು. ಅದಕ್ಕೂ ಉತ್ತರ ಸಿಕ್ಕಿತು. ಡಬ್ಬದ ಒಳಗೆ ಬಿಲ್ಲೆಯಂಥ ಒಂದು ಸೆಲ್ ಇರುತ್ತದೆ, ಕರೆಂಟು ಇಲ್ಲದಿದ್ದರೂ ಒಳಗಿನ ಗಡಿಯಾರ ಓಡುತ್ತಲೇ ಇರುತ್ತದೆ ಎಂದು ಮೇಷ್ಟ್ರೇ ಪಾಠ ಮಾಡಿದ್ದರು. ಗಡಿಯಾರ ಓಡಿದರೆ ಮಾಲಿಯೂ ಓಡುತ್ತಾನೆ. ಕಂಬಳಿಯೊಳಗೆ ಕೂತು, ಸೆಲ್ಲಿನ ಬಲದಿಂದ, ನರ್ಸಮ್ಮನನ್ನು ಬಾವಿಯ ಕಡೆಗೆ ನಡೆಸುತ್ತಾನೆ. ವಿಜ್ಞಾನ ನನ್ನ ಪರವಾಗಿತ್ತು. ಮುಕ್ಕಾಲು ಪಾಲು ಗೊತ್ತಿಲ್ಲದ ವಿಜ್ಞಾನ ಯಾವಾಗಲೂ ವಾದಿಸುವವರ ಪರವಾಗಿಯೇ ಇರುತ್ತದೆ.

ಇದನ್ನು ಒಪ್ಪದೆ ಉಳಿದವಳು ಒಬ್ಬಳೇ, ಹಾಲಮ್ಮ.

ಹಾಲಮ್ಮ ಅಂಜನಾಪುರದಿಂದ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿ. ಕಾಲೇಜಿನ ಚರ್ಚಾ ತಂಡದಲ್ಲೂ ನನ್ನ ಜೊತೆಗೆ ಇದ್ದಳು, ಮೀಸಲು ಭಾಷಣಕಾರ್ತಿಯಾಗಿ. ಮೀಸಲು ಎಂದರೆ ಮಾತಾಡುವವಳಿಗೆ ಜ್ವರ ಬಂದರೆ ಮಾತಾಡಬೇಕಾದವಳು. ನನಗೆ ಮೂರು ವರ್ಷದಲ್ಲಿ ಒಮ್ಮೆಯೂ ಜ್ವರ ಬಂದಿರಲಿಲ್ಲ. ಹಾಗಾಗಿ ಅವಳ ಕೆಲಸ ನನ್ನ ನೀರಿನ ಬಾಟಲಿ ಹಿಡಿದುಕೊಳ್ಳುವುದು, ನಾನು ಎಷ್ಟು ನಿಮಿಷ ಮಾತಾಡಿದೆ ಎಂದು ನೋಡುವುದು. ಆ ವಾರವಷ್ಟೇ ಅವಳು ಒಂದು ಮಾತು ಹೇಳಿದ್ದಳು. "ಸೊರಬದ ಸ್ಪರ್ಧೇನೇ ಕೊನೇದು ಶೈಲಾ. ಪರೀಕ್ಷೆ ಮುಗಿದ ಮೇಲೆ ನಮ್ಮಪ್ಪ ಓದು ಸಾಕು ಅಂದಾರೆ. ಒಂದೇ ಒಂದು ಸಲ ಮೈಕಿನ ಮುಂದೆ ನಿಲ್ಲಬೇಕು ಅಂತ ಆಸೆ." ಯೋಚಿಸೋಣ ಎಂದಿದ್ದೆ. ಯೋಚಿಸಿರಲಿಲ್ಲ.

ಈಗ ಅವಳು ಪರದೆಯನ್ನೇ ನೋಡುತ್ತ, "ಮಾಲಿ ಅಲ್ಲ ಅನ್ಸುತ್ತೆ" ಎಂದಳು.

"ಮತ್ಯಾರು? ದೆವ್ವವಾ?"

"ದೆವ್ವನೂ ಅಲ್ಲ. ಮನುಷ್ಯರೇ. ನಾವಿಲ್ಲದಾಗ ಯಾರೋ ಬಂದು ಆಡ್ತಾರೆ."

ನನಗೆ ಹುರುಪು ಬಂತು. ಎದುರಾಳಿ ಸಿಕ್ಕಾಗಲೆಲ್ಲ ಬರುವ ಹುರುಪು. "ಸರಿ, ಶಾಸ್ತ್ರೋಕ್ತವಾಗಿ ಚರ್ಚೆ ಆಗಲಿ" ಎಂದೆ. "ಏಳು ಜನ ತೀರ್ಪು ಕೊಡಲಿ. ಗೆದ್ದವರು ಸೊರಬದಲ್ಲಿ ಮಾತಾಡೋದು. ಸೋತವರು ಮೀಸಲು."

ಹಾಲಮ್ಮ ಪರದೆ ಬಿಟ್ಟು ನನ್ನ ಕಡೆ ತಿರುಗಿದಳು. "ನಿಜವಾಗ್ಲೂ?"

"ಬರೆದು ಕೊಡ್ತೀನಿ."

ಬರೆದೂ ಕೊಟ್ಟೆ. ಟೈಪಿಂಗ್ ಅಭ್ಯಾಸದ ಹಾಳೆಯ ಹಿಂದೆ, 'ಬ್ಯಾಚಿನ ಬಹುಮತದ ತೀರ್ಮಾನವೇ ಅಂತಿಮ' ಎಂದು ಬರೆದು ಇಬ್ಬರೂ ಸಹಿ ಹಾಕಿದೆವು. ಆ ವಾಕ್ಯ ನನ್ನದೇ ರಚನೆ.

ಮುಂದಿನ ಕ್ಲಾಸಿನಲ್ಲಿ, ಮೇಷ್ಟ್ರ ಗೊರಕೆಯ ಹಿನ್ನೆಲೆಯಲ್ಲಿ, ಗಿರಿಜಕ್ಕನ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಹಾಲಮ್ಮ ಮೊದಲು ಎದ್ದಳು. ಕೈಯಲ್ಲಿ ಚೀಟಿ ಇರಲಿಲ್ಲ.

"ನಾನು ಎರಡೇ ಮಾತು ಹೇಳ್ತೀನಿ. ಸೋಮವಾರ ನಾವು ಬಿಟ್ಟಾಗ ನಮ್ಮ ಹುಡುಗನ ಚೀಲದಲ್ಲಿ ಮೂರು ಬಾಟಲಿ ಇದ್ವು. ಬುಧವಾರ ನೋಡಿದರೆ ಒಂದೇ. ಔಷಧಿ ಕುಡಿಯೋನು ನಮ್ಮ ಹುಡುಗ ಒಬ್ಬನೇ. ಎರಡನೇದು, ಮಹಡಿ ಮೆಟ್ಟಿಲಿನ ಬೀಗದಕೈ ನರ್ಸಮ್ಮನ ಜೇಬಲ್ಲಿ ಇತ್ತು. ಈಗ ಅದು ನಮ್ಮ ಚೀಲದಲ್ಲಿ ಐತೆ. ನಮ್ಮ ಹುಡುಗ ಔಷಧಿ ಕೋಣೇಲಿ ಇದ್ದೋನು, ಈಗ ಮೆಟ್ಟಿಲ ಹತ್ರ ನಿಂತಾನೆ. ಅವನನ್ನ ಯಾರೋ ಆಡಿಸ್ಯಾರೆ. ಅಷ್ಟೇ." ಕೂತುಬಿಟ್ಟಳು.

ಈಗ ಯೋಚಿಸಿದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎದುರಿಗೆ ಇದ್ದವಳು ನಾನು.

"ಮಾನ್ಯ ಅಧ್ಯಕ್ಷರೇ" ಎಂದು ಶುರುಮಾಡಿದೆ. "ನನ್ನ ಗೆಳತಿ ಹೇಳಿದ ಪ್ರತಿಯೊಂದು ಸಂಗತಿಯನ್ನೂ ನಾನು ಒಪ್ಪುತ್ತೇನೆ. ಅಷ್ಟೇ ಅಲ್ಲ, ಅವೆಲ್ಲ ನನ್ನ ಸಾಕ್ಷಿಗಳು. ಬೀಗದಕೈ ನಮ್ಮ ಚೀಲಕ್ಕೆ ಹೇಗೆ ಬಂತು? ಮಾಲಿ ಇಟ್ಟ. ಯಾಕೆ? ಕೊಲೆಯ ಆರೋಪ ನಮ್ಮ ಮೇಲೆ ಬರಲಿ ಎಂದು. ಬಾಟಲಿ ಯಾಕೆ ಕಡಿಮೆ? ಮಾಲಿ ಚೆಲ್ಲಿದ, ನರ್ಸಮ್ಮ ಬದುಕಬಾರದು ಎಂದು. ನಮ್ಮ ಹುಡುಗ ಮೆಟ್ಟಿಲ ಬಳಿ ಯಾಕಿದ್ದಾನೆ? ಮಾಲಿ ನಡೆಸಿಕೊಂಡು ಹೋಗಿ ನಿಲ್ಲಿಸಿದ. ಇಷ್ಟೆಲ್ಲ ಮಾಡಿಯೂ ಮಾಲಿ ಒಂದೇ ಒಂದು ಗುರುತು ಬಿಟ್ಟಿಲ್ಲ. ಸಭಿಕರೇ, ಗುರುತೇ ಇಲ್ಲದಿರುವುದು ಅವನ ಜಾಣತನಕ್ಕೆ ಅತಿ ದೊಡ್ಡ ಗುರುತು."

ಚಪ್ಪಾಳೆ ತಟ್ಟಿದರೆ ಮೇಷ್ಟ್ರು ಏಳುತ್ತಾರೆಂದು ಎಲ್ಲರೂ ಕೈ ಎತ್ತಿ ಆಡಿಸಿದರು.

"ಇನ್ನು 'ಯಾರೋ' ಎಂಬುವವರ ವಿಷಯ. ಯಾರೋ ಎಂದರೆ ಯಾರು? ಹೆಸರೇನು? ಊರೇನು?"

"ಹೆಸರು ಗೊತ್ತಿಲ್ಲ. ಊರು ಸೊರಬ ಇರಬಹುದು" ಎಂದಳು ಹಾಲಮ್ಮ ಕೂತಲ್ಲಿಂದಲೇ.

ನಾನು ನಕ್ಕೆ. ಎಲ್ಲರೂ ನಕ್ಕರು. ಯಾಕೆಂದರೆ ಸೊರಬದ ಬ್ಯಾಚು ಎಂಥದ್ದು ಎಂದು ಮೇಷ್ಟ್ರು ನಮಗೆ ವಾರವಾರವೂ ಹೇಳುತ್ತಿದ್ದರು. "ನೋಡ್ರಮ್ಮ, ಸೊರಬದ ಹುಡುಗೀರನ್ನ ನೋಡಿ ಕಲೀರಿ. ಕೀಬೋರ್ಡ್ ಮುಟ್ಟೋಕೂ ಅಪ್ಪಣೆ ಕೇಳ್ತಾರೆ. ಆಟ ಅಂತ ಒಂದು ಇದೆ ಅನ್ನೋದೇ ಅವರಿಗೆ ಗೊತ್ತಿಲ್ಲ." ಆ ಸಾಕ್ಷ್ಯವನ್ನು ನಾನು ಅಕ್ಷರಶಃ ಸಭೆಯ ಮುಂದಿಟ್ಟೆ. ಮೇಷ್ಟ್ರು ನಮ್ಮ ಬಗ್ಗೆಯೂ ಇದೇ ಭ್ರಮೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ ಎಂಬುದು ಒಂಬತ್ತು ಜನರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಆರು ಮತ ನನಗೆ. ಒಂದು ಹಾಲಮ್ಮನಿಗೆ. ಆ ಒಂದು ಮತ ಗಿರಿಜಕ್ಕನದು. ಯಾಕೆ ಎಂದು ಕೇಳಿದೆ. "ಅವಳು ಬೇಗ ಮುಗಿಸಿದಳು" ಎಂದಳು.

ಹಾಲಮ್ಮ ಹಾಳೆ ಮಡಚಿ ನನಗೆ ಕೊಟ್ಟಳು. "ನೀನೇ ಮಾತಾಡು. ನಾನು ಟೈಮ್ ನೋಡ್ತೀನಿ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅದಕ್ಕೂ ಒಂದು ಉತ್ತರ ತಯಾರಿಟ್ಟುಕೊಂಡಿದ್ದೆ.

ಅದೇ ದಿನಗಳಲ್ಲಿ ಇನ್ನೊಂದು ಸಂಗತಿ ನಡೆಯಿತು. ಡಬ್ಬ ಬರುವಾಗಲೆಲ್ಲ ಅದರ ನೆತ್ತಿಯ ಮೇಲೆ ಮೂರು ಬೆರಳಿನ ವಿಭೂತಿ ಇರತೊಡಗಿತು. ಮೇಷ್ಟ್ರು ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವರು. ಅವರೇ ಹಚ್ಚಿದ್ದಾರೆ ಎಂದುಕೊಂಡೆವು. ಯಂತ್ರಕ್ಕೂ ಮೂಢನಂಬಿಕೆ ಅಂಟಿಸಬಾರದು ಎಂದು ಸಣ್ಣ ಭಾಷಣ ಮಾಡಿ ನಾನು ಪ್ರತಿ ಸಲವೂ ಅದನ್ನು ಬಟ್ಟೆಯಿಂದ ಒರೆಸುತ್ತಿದ್ದೆ.

ಸ್ಪರ್ಧೆಯ ದಿನ ಬಂತು. ಸೊರಬದ ಕಾಲೇಜಿನಲ್ಲಿ, ಮಧ್ಯಾಹ್ನ ಎರಡಕ್ಕೆ. ವಿಷಯ: 'ವಿಜ್ಞಾನ ಬೆಳೆದಂತೆ ಮೂಢನಂಬಿಕೆ ಕುಗ್ಗುತ್ತದೆ.' ಕಾಲೇಜಿಗೊಬ್ಬರೇ ಭಾಷಣಕಾರರು. ನಾನು ಪರ. ನಮ್ಮ ಜೊತೆ ಬರಬೇಕಿದ್ದ ಉಪನ್ಯಾಸಕರು ಇಬ್ಬರ ಹೆಸರೂ ಇರುವ ಪತ್ರ ಕೊಟ್ಟು, ನೀವೇ ಹೋಗಿಬನ್ನಿ ಎಂದು ಬಸ್ಸು ಹತ್ತಿಸಿದ್ದರು. ದಾರಿಯುದ್ದಕ್ಕೂ ನಾನು ಕಿಟಕಿಗೆ ಭಾಷಣ ಮಾಡಿದೆ. ಹಾಲಮ್ಮ ವಾಚು ನೋಡಿದಳು.

ಊಟದ ಹೊತ್ತಿಗೆ ನಮ್ಮ ಬೆಂಚಿಗೆ ಚಿತ್ರಾನ್ನ ಬಡಿಸಲು ಬಂದವಳು ವನಜಾ ಎಂಬ ಅಲ್ಲಿಯ ಹುಡುಗಿ. ಎದೆಯ ಮೇಲೆ ಸ್ವಯಂಸೇವಕಿ ಎಂಬ ಬಿಲ್ಲೆ. "ಮಾತಾಡೋರು ನೀವಾ? ಎಂತ ಹೇಳ್ತೀರಿ?" ಎಂದು ಸುಮ್ಮನೆ ಕೇಳಿದಳು. ಸುಮ್ಮನೆ ಕೇಳಿದವರಿಗೆ ಸುಮ್ಮನೆ ಉತ್ತರಿಸುವ ಅಭ್ಯಾಸ ನನಗಿರಲಿಲ್ಲ. ಮೂಢನಂಬಿಕೆಯನ್ನು ತರ್ಕ ಹೇಗೆ ಸೋಲಿಸುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ನರ್ಸಮ್ಮನ ಸಾವು, ಮಾಲಿಯ ಸಂಚು, ಬಿಲ್ಲೆಯಂಥ ಸೆಲ್ಲು, ಎಲ್ಲವನ್ನೂ ವಿಸ್ತಾರವಾಗಿ ವಿವರಿಸಿದೆ.

ವನಜಾಳ ಕೈಯಲ್ಲಿ ಚಿತ್ರಾನ್ನದ ಸೌಟು ಹಾಗೇ ನಿಂತಿತು.

"ಬಾವಿಕಟ್ಟೆ ಮೇಲೆ ಬಿಳೀ ಚಪ್ಪಲಿ?" ಎಂದು ಕೇಳಿದಳು.

"ಹೌದು."

"ನಿಮ್ಮ ಮೇಷ್ಟ್ರ ಹೆಸರು ಮಹದೇವಪ್ಪನಾ? ಕಂಬಳಿ ಸುತ್ತಿದ ಡಬ್ಬ?"

"ಹೌದು. ನಿಮಗೆ ಹೇಗೆ ಗೊತ್ತು?"

ಅವಳು ಸೌಟನ್ನು ಪಾತ್ರೆಯಲ್ಲಿಟ್ಟು ನನ್ನ ಎದುರು ಬೆಂಚಿನ ಮೇಲೆ ಕೂತಳು. "ಅವಳನ್ನ ಬಾವಿಗೆ ದೂಡೋದು ನಾನು ಮಾರಾಯ್ತಿ."

ನಾನು ಚಿತ್ರಾನ್ನ ನುಂಗಿದೆ. ಸರಿಯಾಗಿ ಅಗಿದಿರಲಿಲ್ಲ.

"ಪಾಪ ಅನ್ಸತ್ತೆ. ಆದರೆ ಬೀಗದಕೈ ಅವಳ ಜೇಬಲ್ಲಿ ಇರತ್ತಲ್ಲ, ಬೇರೆ ದಾರಿ ಇಲ್ಲ" ಎಂದು ಮುಂದುವರಿಸಿದಳು. "ಮೇಷ್ಟ್ರು ಹೊರಗೆ ಕಾಫಿಗೆ ಹೋದಾಗ ಆಡೋದು. ದೂಡಿ, ಕೀ ತಗಂಡು, ಮೆಟ್ಟಿಲ ಹತ್ರ ಉಳಿಸಿಟ್ಟು ಬರ್ತೀವಿ. ಎರಡು ದಿನ ಬಿಟ್ಟು ನೋಡಿದರೆ ಆ ಹೆಂಗಸು ಜೀವಂತ! ಕುರ್ಚಿ ಮೇಲೆ ಕೂತು ನಮ್ಮನ್ನೇ ನೋಡ್ತಾ ಇರ್ತಾಳೆ. ನಾನು ಎಷ್ಟು ಸಲ ಕೊಂದಿದೀನಿ ಗೊತ್ತಾ ನಿಮಗೆ? ಎಷ್ಟು ಕೊಂದರೂ ಎದ್ದು ಬರ್ತಾಳೆ. ನಮ್ಮ ಬ್ಯಾಚಲ್ಲಿ ಇಬ್ಬರು ಹೆದರಿ ಕ್ಲಾಸೇ ಬಿಟ್ರು. ಒಬ್ಬಳಿಗೆ ಜ್ವರ ಬಂದು ತಾಯಿತ ಕಟ್ಟಿಸಿದ್ರು. ಕೊನೆಗೆ ನಾನೇ ನಮ್ಮನೆ ದೇವರ ಗೂಡಿಂದ ವಿಭೂತಿ ತಂದು ಡಬ್ಬಕ್ಕೆ ಹಚ್ಚಿದೆ. ಅದನ್ನೂ ಯಾರೋ ಅಳಿಸಿ ಹಾಕ್ತಾರೆ. ದೆವ್ವಕ್ಕೆ ವಿಭೂತೀನೂ ತಾಗಲ್ಲ ಅಂತ ಆವತ್ತಿಂದ ನಮಗೆ ಪೂರಾ ಖಾತ್ರಿ ಆಯ್ತು."

ಆಸ್ತಿಕರೂ ನಾಸ್ತಿಕರೂ ಸೇರಿ ನನ್ನ ಬಾಳಿನಲ್ಲಿ ನನ್ನನ್ನು ಏನೇನೋ ಕರೆದಿದ್ದಾರೆ. ಆದರೆ ಮೂರು ತಿಂಗಳು ಒಂದು ಇಡೀ ಊರಿನ ಹುಡುಗಿಯರ ಬ್ಯಾಚಿಗೆ ನಾನೇ ದೆವ್ವವಾಗಿದ್ದೆ ಎಂಬ ವಿಷಯವನ್ನು ತಿಳಿದದ್ದು ಅದೇ ಮೊದಲು. ದೆವ್ವ ಇಲ್ಲ ಎಂದು ಸಾಧಿಸಲು ಹೊರಟವಳು, ಬಿಡುವಿನಲ್ಲಿ ಆ ಕೆಲಸವನ್ನೂ ಮಾಡುತ್ತಿದ್ದೆ. ತಾಯಿತ ಕಟ್ಟಿಸಿದ್ದು ನನ್ನ ವಿರುದ್ಧ.

ಆದರೂ ಅಭ್ಯಾಸಬಲ. "ಅದೇನೇ ಇರಲಿ, ಮಾಲಿಯ ನಡತೆ ಅನುಮಾನಾಸ್ಪದ" ಎಂದೆ.

"ಮಾಲಿಯಾ?" ವನಜಾ ಕನಿಕರದಿಂದ ನೋಡಿದಳು. "ಒಂದು ಶನಿವಾರ ಮೇಷ್ಟ್ರು ಮದುವೆಗೆ ಹೋದಾಗ ನಾವು ಮೂರನೇ ಮಹಡಿವರೆಗೂ ಹೋಗಿದ್ವಿ. ಅಲ್ಲಿ ಗೊತ್ತಾಗತ್ತೆ. ಆ ಹುಡುಗ ಹುಡುಕ್ತಿರೋ ಅಣ್ಣ ಅವನೇ. ಕಾಯಿಲೆ ಬಿದ್ದು ಮುದುಕನ ಹಾಗೆ ಆಗಿದಾನೆ ಅಷ್ಟೇ. ಅವನಷ್ಟು ಒಳ್ಳೇವ ಆ ಆಟದಲ್ಲಿ ಮತ್ಯಾರೂ ಇಲ್ಲ."

ಅವಳು ಪಾತ್ರೆ ಎತ್ತಿಕೊಂಡು ಮುಂದಿನ ಬೆಂಚಿಗೆ ಹೋದಳು.

ಹಾಲಮ್ಮ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಹೇಳಿದ್ದೆನಲ್ಲ ಎನ್ನುತ್ತಾಳೆ ಎಂದು ಕಾದೆ. ಅವಳು ಎಲೆಯ ಅಂಚಿಗೆ ಸರಿಸಿದ್ದ ಕಡಲೆಕಾಯಿ ಬೀಜಗಳನ್ನು ಒಂದೊಂದೇ ತಿನ್ನುತ್ತಿದ್ದಳು. "ನೀರು ಬೇಕಾ?" ಎಂದಳು.

ನನಗೆ ನೀರು ಬೇಡವಾಗಿತ್ತು. ಬೇಕಾಗಿದ್ದದ್ದು ಒಂದು ಆಧಾರ. ಊಟದ ಹಾಲಿನ ಬಾಗಿಲ ಪಕ್ಕ ಹೋಗಿ ನಿಂತು, ಕಾಲು ಗಂಟೆ ನನ್ನೊಳಗೇ ಚರ್ಚೆ ನಡೆಸಿದೆ. ನಮ್ಮ ಕರಾರು ಏನು? ಬಹುಮತದ ತೀರ್ಮಾನವೇ ಅಂತಿಮ. ಬಹುಮತ ಯಾರಿಗೆ? ನನಗೆ. ಸತ್ಯ ಯಾರ ಕಡೆ ಇದ್ದರೆ ಏನು ಎಂದು ಕರಾರಿನಲ್ಲಿ ಒಂದು ಮಾತೂ ಇಲ್ಲ. ಕಾನೂನಿನ ಪ್ರಕಾರ ಭಾಷಣ ನನ್ನದೇ. ಈ ವಾದಕ್ಕೆ ಪ್ರತಿವಾದವೇ ಇರಲಿಲ್ಲ. ಅಷ್ಟು ಪೂರ್ತಿಯಾಗಿ ಗೆದ್ದದ್ದನ್ನು ನೋಡಿ ನನಗೇ ಮೊದಲ ಸಲ ಅಸಹ್ಯವಾಯಿತು. ಮಾಲಿಯ ವಿರುದ್ಧವೂ ಹೀಗೇ ಗೆದ್ದಿದ್ದೆ.

ತಿರುಗಿ ನೋಡಿದೆ. ಹಾಲಮ್ಮ ನನ್ನ ಬಾಟಲಿ ಹಿಡಿದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಮೀಸಲಾಗಿ ಬಂದವಳು ತನ್ನ ಅಕ್ಕನ ಹೊಸ ಸೀರೆ ಉಟ್ಟುಕೊಂಡು ಬಂದಿದ್ದಳು. ನೆರಿಗೆಗಳಿಗೆ ಬಹಳ ಹೊತ್ತು ತೆಗೆದುಕೊಂಡಿದ್ದಂತಿತ್ತು. ಮುಂಜಾನೆಯಿಂದ ಪಕ್ಕದಲ್ಲೇ ಇದ್ದೆ. ಬಾವಿಕಟ್ಟೆಯ ಚಪ್ಪಲಿಯನ್ನು ಕಂಡು ಸಿದ್ಧಾಂತ ಕಟ್ಟಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಹೆಸರು ನೋಂದಾಯಿಸುವ ಮೇಜಿಗೆ ಹೋದೆ. ಅಲ್ಲಿ ಕೂತಿದ್ದ ಮೇಷ್ಟ್ರೊಬ್ಬರು, ಭಾಷಣಕಾರರನ್ನು ಬದಲಿಸಬೇಕಾದರೆ ಕಾರಣ ಬರೆಯಬೇಕು ಎಂದರು. '‌ಗಂಟಲು ಕಟ್ಟಿದೆ' ಎಂದು ಬರೆದೆ.

"ಗಂಟಲು ಚೆನ್ನಾಗೇ ಇದೆಯಲ್ಲಮ್ಮ. ಈಗ ತಾನೆ ಊಟದ ಹಾಲಿನಲ್ಲಿ ನಿನ್ನ ಮಾತು ಇಲ್ಲಿಗೆ ಕೇಳ್ತಿತ್ತು."

"ಆಮೇಲೆ ಕಟ್ಟಿತು ಸಾರ್" ಎಂದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಹಾಲಮ್ಮನಿಗೆ ಹೇಳಿದಾಗ ಅವಳು "ಹೂಂ" ಎಂದಳು ಅಷ್ಟೇ. ಬಾಟಲಿ ನನ್ನ ಕೈಗೆ ಕೊಟ್ಟಳು.

"ನನ್ನ ಭಾಷಣದ ಚೀಟಿ ತಗೋ. ಎಲ್ಲ ಬರೆದಿದೆ."

"ಬೇಡ ಕಣೆ. ನಿನ್ನ ಮಾತು ನನ್ನ ಬಾಯಿಗೆ ಹೊಂದಲ್ಲ."

"ಮತ್ತೆ ಏನು ಮಾತಾಡ್ತೀಯ?"

"ಗೊತ್ತಿರೋದು."

ನಾನು ಮೂರನೇ ಸಾಲಿನಲ್ಲಿ ಕೂತು, ಮೂರು ವರ್ಷದಲ್ಲಿ ಮೊದಲ ಸಲ ವಾಚು ನೋಡುವ ಕೆಲಸಕ್ಕೆ ಸಿದ್ಧಳಾದೆ. ಹಾಲಮ್ಮ ಮೈಕಿನ ಮುಂದೆ ನಿಂತಳು. ಮೈಕು ಎತ್ತರವಾಯಿತು. ಯಾರೋ ಬಂದು ತಗ್ಗಿಸಿದರು. ಅವಳು ಸೆರಗು ಸರಿಮಾಡಿಕೊಂಡಳು. ನಾನು ನನ್ನ ಮೊದಲ ವಾಕ್ಯವನ್ನು ತುಟಿಯಲ್ಲೇ ಅಲ್ಲಾಡಿಸಿ ತೋರಿಸಿದೆ. ಅವಳು ನೋಡಲಿಲ್ಲ.

"ನನಗೊಬ್ಬಳು ಗೆಳತಿ ಅದಾಳೆ" ಎಂದು ಶುರುಮಾಡಿದಳು. ನಾನು ವಾಚನ್ನು ಮರೆತೆ.

"ಅವಳು ಭಾಳ ಜಾಣೆ. ದೆವ್ವ ಇಲ್ಲ ಅಂತಾಳೆ. ನಾನೂ ಇಲ್ಲ ಅಂತೀನಿ. ಆದರೆ ಒಂದು ಕಂಪ್ಯೂಟರ್ ಆಟದಲ್ಲಿ ಒಬ್ಬ ಹೆಂಗಸು ಸತ್ತಳು. ಯಾಕೆ ಸತ್ತಳು ಅಂತ ನಮಗೆ ಗೊತ್ತಾಗಲಿಲ್ಲ." ಹಾಗೆಯೇ, ಒಂದರ ಹಿಂದೆ ಒಂದು, ನಡೆದದ್ದನ್ನೆಲ್ಲ ಹೇಳಿದಳು. ಡಬ್ಬ, ಕಂಬಳಿ, ಬಸ್ಸು, ಎರಡು ಊರು. ವನಜಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ವಿಭೂತಿಯ ಭಾಗ ಬಂದಾಗ ಸಭೆ ಜೋರಾಗಿ ನಕ್ಕಿತು. ಹಾಲಮ್ಮ ನಗಲಿಲ್ಲ, ನಗಿಸಲು ಹೇಳುತ್ತಲೂ ಇರಲಿಲ್ಲ.

"ನನ್ನ ಗೆಳತಿ ದೆವ್ವನ ನಂಬಲಿಲ್ಲ" ಎಂದಳು ಕೊನೆಗೆ. "ಆದರೆ ದೆವ್ವ ಮಾಡಬೇಕಾದ ಕೆಲಸಾನೆಲ್ಲ ಒಬ್ಬ ಮಾಲಿಗೆ ಒಪ್ಪಿಸಿದಳು. ಮುಚ್ಚಿದ ಯಂತ್ರದಲ್ಲಿ ಓಡಾಡೋದು, ಕಾಣದ ಹಾಗೆ ಕೊಲ್ಲೋದು, ಗುರುತೇ ಬಿಡದೆ ಇರೋದು. ಹೆಸರು ಮಾತ್ರ ಬದಲಾಯ್ತು. ಅದಕ್ಕೆ ಅವಳು ಬಳಸಿದ್ದು ವಿಜ್ಞಾನ. ಸೊರಬದವರು ಬಳಸಿದ್ದು ವಿಭೂತಿ. ಇಬ್ಬರಲ್ಲಿ ಒಬ್ಬರೂ ಬಸ್ಸು ಹತ್ತಿ ಹೋಗಿ ಕೇಳಲಿಲ್ಲ. ನಾನೂ ಹೋಗಲಿಲ್ಲ. ಅನುಮಾನ ಇದ್ದರೂ ಹೋಗಲಿಲ್ಲ. ನನ್ನ ಹತ್ರ ಇಷ್ಟೇ ಇರೋದು."

ಕೊಟ್ಟ ಆರು ನಿಮಿಷದಲ್ಲಿ ಇನ್ನೂ ಒಂದೂವರೆ ಉಳಿದಿತ್ತು. ಆ ಒಂದೂವರೆ ನಿಮಿಷವೂ ಚಪ್ಪಾಳೆಗೇ ಹೋಯಿತು.

ಅಧ್ಯಕ್ಷತೆ ವಹಿಸಿದ್ದ ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. "ಚೆನ್ನಾಗಿ ಮಾತಾಡಿದೆ ತಾಯಿ. ಆದರೆ ನಿನ್ನ ಹೆಸರು ಇರೋದು ವಿಷಯದ ಪರ. ನೀನು ಹೇಳಿದ್ದೆಲ್ಲ ವಿರೋಧಕ್ಕೆ ಹೋಯ್ತಲ್ಲ. ನಿಯಮದ ಪ್ರಕಾರ ಬಹುಮಾನಕ್ಕೆ ಪರಿಗಣಿಸೋ ಹಾಗಿಲ್ಲ."

"ಹೌದಾ ಸಾರ್? ನನಗೆ ಗೊತ್ತಾಗಲಿಲ್ಲ. ನಡೆದಿದ್ದು ಹಂಗೆ ಇತ್ತು, ಹೇಳಿದೆ" ಎಂದಳು ಹಾಲಮ್ಮ. ಅವಳ ಮುಖದಲ್ಲಿ ಬೇಸರ ಹುಡುಕಿದೆ. ಇರಲಿಲ್ಲ. ಅವಳು ಕೇಳಿದ್ದು ಮೈಕು, ಬಹುಮಾನ ಅಲ್ಲ ಎಂಬುದು ಆಗ ನೆನಪಾಯಿತು.

ಹಿರಿಯರು ಸಭೆಯತ್ತ ನೋಡಿದರು. "ಆ ಜಾಣೆ ಗೆಳತಿ ಇಲ್ಲಿಗೆ ಬಂದಿದಾಳೇನಮ್ಮ?"

ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎನ್ನುತ್ತಿದ್ದರು. ಹಾಲಮ್ಮ ಮೂರನೇ ಸಾಲಿನ ಕಡೆಗೆ ಕೈ ತೋರಿಸಿದಳು.

ಇಡೀ ಸಭೆ ತಿರುಗಿತು. ನಾನು ನೀರಿನ ಬಾಟಲಿ ಹಿಡಿದುಕೊಂಡೇ ಎದ್ದು ನಿಂತೆ. ಎದ್ದು ನಿಂತ ಮೇಲೆ ಬಾಯಿ ತಾನಾಗಿಯೇ ತೆರೆಯಿತು. "ಮಾನ್ಯ ಅಧ್ಯಕ್ಷರೇ" ಎಂದೆ.

ಎಲ್ಲರೂ ಕಾದರು. ನಾನೂ ಕಾದೆ. ಮುಂದೆ ಏನೂ ಬರಲಿಲ್ಲ. ಕೂತೆ.

ನನ್ನ ಚರ್ಚಾ ಜೀವನದಲ್ಲಿ ಅದು ಅತ್ಯಂತ ಚಿಕ್ಕ ಭಾಷಣ. ಒಂದೇ ಒಂದು ತಪ್ಪೂ ಇಲ್ಲದ ಭಾಷಣವೂ ಅದೊಂದೇ.